ಎರಡೂ ಹದಿನೈದರ ಕೆಲಸ

ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಕೂಗುವ ಹೊತ್ತಿಗೆ
ಬಿ.ಎಚ್. ರಸ್ತೆಯ ನಮ್ಮ ಸಹಕಾರಿ ಬ್ಯಾಂಕಿನ ಮಹಡಿಯ ಮೇಲೆ
ಯಾರೂ ಇಲ್ಲದ ಕೋಣೆಯಲ್ಲಿ ಒಂದು ಕೆಲಸ ತಾನೇ ಏಳುತ್ತದೆ.
ದೀಪ ಹಾಕುವುದಿಲ್ಲ. ಕೆಮ್ಮುವುದಿಲ್ಲ.
ಹಗಲು ಓಂಕಾರಪ್ಪ ಅಂಗಡಿ ಅಂಗಡಿ ತಿರುಗಿ ತಂದ ಪಿಗ್ಮಿ ದುಡ್ಡನ್ನು
ಹತ್ತು, ಇಪ್ಪತ್ತು, ಸಂತೆಯ ಮಾರನೇ ದಿನವಾದರೆ ಐವತ್ತು,
ಅವರವರ ಖಾತೆಗೆ ಇಳಿಸಿ
ಮತ್ತೆ ಮಲಗುತ್ತದೆ.

ಬೆಳಿಗ್ಗೆ ಬಂದು ಕೇಳುತ್ತೇನೆ, ಏನಾಯ್ತು?
ಯಶಸ್ವಿ, ಅನ್ನುತ್ತದೆ.
ಅದರಾಚೆ ಕೆದಕಿದರೆ ಅರ್ಧ ಸಾಲು,
ಇಷ್ಟಕ್ಷರ ದಾಟಿದ್ದೇ ತಡ
ಬಾಯಿಗೆ ಕೈ ಅಡ್ಡ ಇಟ್ಟಂತೆ ಕತ್ತರಿಸಿದ ಮಾತು.
ಹೋದಾ ಪುಟ್ಟ ಬಂದಾ ಪುಟ್ಟ.
ಹೋಗಿ ಬಂದದ್ದಕ್ಕೇ ಆರು ವರ್ಷ ಶಹಬ್ಬಾಸ್ ಅಂದಿದ್ದೇವೆ.

ಜೂನ್ ಕೊನೆಗೆ ದ್ಯಾವೀರಮ್ಮ ಮೆಟ್ಟಿಲು ಹತ್ತಿ ಬಂದಳು,
ರೈಲ್ವೆ ಗೇಟಿನ ಹತ್ತಿರ ಇಸ್ತ್ರಿ ಗಾಡಿ ಅವಳದು,
ಸೆರಗಿಗೆ ಇದ್ದಿಲ ವಾಸನೆ.
ಎರಡು ಪುಸ್ತಕ ಪಕ್ಕ ಪಕ್ಕ ಇಟ್ಟು
‘ಇದು ಓಂಕಾರಪ್ಪ ಬರೆದದ್ದು, ಇದು ನಿಮ್ಮ ಮಿಷನ್ನು ಬರೆದದ್ದು.
ಯಾರನ್ನ ನಂಬಲಿ?’

ಮ್ಯಾನೇಜರು ಮರುಳಸಿದ್ಧಪ್ಪ ಓಂಕಾರಪ್ಪನನ್ನು ನೋಡಿದರು.
ಏನೂ ಅನ್ನಲಿಲ್ಲ, ನೋಡಿದರು ಅಷ್ಟೇ.
ಇಪ್ಪತ್ತೆರಡು ವರ್ಷ ಬೀದಿ ಸವೆಸಿದವನು
ತನ್ನ ಚಪ್ಪಲಿ ನೋಡಿಕೊಂಡ.

ಅಂದು ಸಂಜೆ ಆ ಕೆಲಸದ ಹೊಟ್ಟೆ ಬಿಚ್ಚಿದೆ.
ಪ್ರತಿ ಖಾತೆಗೂ ನಿಂತು ಹೇಳು ಎಂದು ಬರೆದೆ:
ನಂಬರು, ಮೊತ್ತ, ಬಿಟ್ಟರೆ ಯಾಕೆ ಬಿಟ್ಟೆ.
ಹೇಳಿದ್ದೆಲ್ಲ ಬೀಳಲು ಒಂದು ಫೈಲು ತೋರಿಸಿದೆ.
ನಿನ್ನೆಯದನ್ನು ಅಳಿಸಬೇಡ, ಕೆಳಗೆ ಸೇರಿಸುತ್ತಾ ಹೋಗು.
ಮನೆಗೆ ಫೋನು ಮಾಡಿ ಆಡಿಟ್ ಇದೆ ಅಂದೆ.

ಗೂಡ್ಸ್ ಕೂಗಿತು. ಕಿಟಕಿಯ ಸರಳು ಗುಯ್‌ಗುಟ್ಟಿತು.
ಸೊನ್ನೆ ಇದ್ದ ಫೈಲು ನಾಲ್ಕಾಯ್ತು, ಹನ್ನೆರಡಾಯ್ತು,
ಬೆಲ್ಲ ಕಂಡ ಇರುವೆಯ ಹಾಗೆ ಸಾಲಿಗೆ ಸಾಲು,
ಆರು ವರ್ಷ ಮಾತಾಡದ್ದು ಒಂದೇ ಉಸಿರಿಗೆ.
ನಡುವೆ, ದನಿ ಏರಿಸದೆ:
ಸಾವಿರದ ನೂರ ನಲವತ್ತೇಳು. ಬಿಟ್ಟಿದೆ. ನಾಮಿನಿ ಖಾಲಿ.

ಏಪ್ರಿಲ್‌ನಲ್ಲಿ ಅವಳ ಗಂಡ ಮುದ್ದಯ್ಯ ತೀರಿಕೊಂಡಿದ್ದ.
ಸರ್ಟಿಫಿಕೇಟು ತಂದು ಕೊಟ್ಟಿದ್ದಳು, ಕೌಂಟರಿನಲ್ಲಿ ಹೆಸರು ತೆಗೆದರು.
ಬೇರೆ ಹೆಸರು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಎರಡು ಪಟ್ಟಿ ಹೊಂದಿಸಿ ಎಣಿಸು ಎಂದು ಎಂದೋ ಬರೆದವನಿಗೆ
(ನಾನೇ ಬರೆದದ್ದು)
ಇಂಥ ಖಾಲಿಯೊಂದು ಬರುತ್ತದೆಂದು ಹೊಳೆದಿರಲಿಲ್ಲ.
ಭಾನುವಾರ ಬಿಟ್ಟು ಐವತ್ತೆರಡು ರಾತ್ರಿ
ಕೆಲಸ ಅವಳನ್ನು ದಾಟಿ ಹೋಗಿದೆ.
ಸುಳ್ಳೇನೂ ಹೇಳಿಲ್ಲ, ಕಂಡಷ್ಟನ್ನು ಮಾಡಿದೆ.
ಅವಳಂಥವರು ಇನ್ನೂ ಹದಿನಾರು ಜನ.
ಅವರು ಪುಸ್ತಕ ತೆರೆದೇ ನೋಡಿರಲಿಲ್ಲ.

ಈಗ ಮರುಳಸಿದ್ಧಪ್ಪನವರದು ಹೊಸ ತಕರಾರು,
ಡಿಸ್ಕು ತುಂಬ್ತಾ ಇದೆಯಂತೆ, ಇಷ್ಟೊಂದು ಯಾಕೆ ಬರೆಸ್ತೀಯಾ?
ತೊಂಬತ್ತು ದಿನದ್ದಾದರೂ ಇರಲಿ ಎಂದು ಹಟ ಹಿಡಿದಿದ್ದೇನೆ.
ಓಂಕಾರಪ್ಪ ದಿನಾ ನೀರು ಕುಡಿಯುವ ನೆವದಲ್ಲಿ ಮೇಲೆ ಬಂದು
ನನ್ನ ಕುರ್ಚಿಯ ಹಿಂದೆ ಲೋಟ ಹಿಡಿದು ನಿಲ್ಲುತ್ತಾನೆ.
ಕೊನೆಯ ಸಾಲಿನವರೆಗೂ ಇಳಿಸಿ ತೋರಿಸುತ್ತೇನೆ.
ಅವನು ನೀರು ಕುಡಿಯುವುದು ಆಮೇಲೆ.

ದ್ಯಾವೀರಮ್ಮನನ್ನು ಕೇಳಿದೆ, ಯಾರ ಹೆಸರು ಹಾಕಲಿ?
‘ಹೇಳ್ತೀನಿ ತಡಿ’ ಅಂದಳು.
ಗಾಡಿಯ ಮೇಲೆ ಯಾರದೋ ಮದುವೆಯ ಶರ್ಟು ಕಾಯುತ್ತಿತ್ತು.

ನಿನ್ನೆ ರಾತ್ರಿಯದು ಹೀಗಿದೆ:
ಸಾವಿರದ ನೂರ ನಲವತ್ತೇಳು. ನಾಮಿನಿ ಇಲ್ಲ.
ಇಪ್ಪತ್ತು ರೂಪಾಯಿ. ಜಮಾ.