ಊರುಗೋಲಿಗೊಂದು ಅರ್ಜಿ

"ಬಂದೂಕು ಬಂದೂಕಿನಂತೆಯೇ ಕಂಡರೆ
ಅದಕ್ಕೊಂದು ಕಾನೂನು, ಐನಾರ್,
ಊರುಗೋಲಿನಂತೆ ಕಂಡರೆ ಇನ್ನೊಂದು.
ಮೊದಲು ಅರ್ಜಿ, ಆಮೇಲೆ ಅರ.
ತಿರುವುಮುರುವಾದರೆ ಜೈಲು"
ಅಂದಳು ಶೆರಿಫ್ ಕಚೇರಿಯ ಡೋರ್ಥೀ,
ಅವನ ಬೆರಳನ್ನು ಶಾಯಿಯಲ್ಲಿ ಹೊರಳಿಸುತ್ತ.

ನಲವತ್ತು ವರ್ಷ ಲೇತ್ ತಿರುಗಿಸಿದ ಕೈ.
ಹತ್ತು ಚೌಕದಲ್ಲಿ ಹತ್ತು ಕರಿಮೋಡ,
ಒಂದು ಗೆರೆಯಿಲ್ಲ.
"ವೇಷ ಹಾಕಿರುವುದು ಕೋಲೋ, ನೀನೋ?"
ಇನ್ನೊಂದು ಹಾಳೆ ತೆಗೆದಳು.

ಮತ್ತೊಂದು ನಿಯಮ: ಲೋಹದ ಮೇಲೆ
ಮಾಡಿದವನ ಹೆಸರು, ಊರು, ಅಂಕಿ
ಆಳವಾಗಿ ಕೆತ್ತಿರಬೇಕು.
ಅದೊಂದು ಅವನ ತಲೆಗೆ ಹತ್ತಲಿಲ್ಲ.
ಬಚ್ಚಿಟ್ಟುಕೊಳ್ಳಲೆಂದೇ ಹುಟ್ಟುವುದಕ್ಕೆ
ಹಣೆಬರಹ ಮಾತ್ರ ಎಲ್ಲರೂ ಓದುವ ಹಾಗೆ!

ಮೂರು ಸಲ ವಾಪಸಾದ ಅರ್ಜಿ
ಬ್ಯೂಟ್ ಊರಿಗೆ ಎರಡನೇ ಹಿಮ ಬಿದ್ದಾಗ
ಮುದ್ರೆ ಒತ್ತಿಸಿಕೊಂಡು ಬಂತು.
ಅಷ್ಟರಲ್ಲಿ ಅವನ ಸೊಂಟ ಮುರಿದಿತ್ತು.
ಗೇಟಿನ ಟಪಾಲು ಡಬ್ಬಿಯವರೆಗೆ
ನಡೆಸಿಕೊಂಡು ಹೋದದ್ದು
ಅದೇ ಹಿಕರಿ ಕೋಲು,
ಇನ್ನೂ ಕೊರೆಯದ್ದು,
ಒಳಗೂ ಬರೀ ಮರ.

ಲಕೋಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡು
ಹಿಂದಿರುಗಿದ.
ಎರಡೂ ಕೈ ಕೋಲಿನ ಮೇಲಿದ್ದವು.