ಏಳೂವರಿ ಫೂಟು

ಯೂನುಸ್ ಚಾಚಾನ ಸ್ಟುಡಿಯೋ ಹಿಂದಿನ ಖೋಲಿಯೊಳಗ
ಎರಡು ಎನ್‌ಲಾರ್ಜರ್, ಗೋಣಿ ಹೊದ್ದು ನಿಂತಾವು.
ರೇಟಿಗಿಂತ ಮೊದಲ ಕೇಳಿದ: ಮಾಳಿಗಿ ಎಷ್ಟು ಫೂಟು?

ಅಳದು ಬಂದಿದ್ದೆ. ಏಳೂವರಿ.
ಬಚ್ಚಲ ಮನಿ ಅದು, ಶಹಾಬಾದದಾಗ;
ಕಿಟಕಿಗಿ ಕರಿ ರೆಗ್ಜಿನ್ ಬಡದೀನಿ,
ಬಾಗಿಲ ಸಂದಿಗಿ ಹಳೀ ಕೌದಿ.
ಎತ್ತರದ್ದರ ತಲಿ ಎರಡು ಬಟ್ಟು ತಾಗತದ.

"ನೆಲ ತೋಡಸು. ಫರಸಿ ಊರಾಗಿದ್ದು ಹೆದರತೀ ಏನು?
ಇದು ಕಂಡೆನ್ಸರಿಂದು. ಗೀರು, ಧೂಳು, ಒಂದೂ ಬಿಡಲ್ಲ.
ಗಿಡ್ಡಂದು ಹಾಲುಗಾಜಿಂದು, ಮಾಫು ಮಾಡತದ.
ಲಗ್ನದ ಫೋಟೋಕ್ಕ ಅದನ್ನೇ ಇಟ್ಟಿದ್ದೆ."

ಅಂಗೈ ಅಗಲದ ನೆಗೆಟಿವ್ ತಗದೆ:
ನೀಲಗಂಗಮ್ಮ, ಖಣಿ ಬಾಯಾಗ,
ಸುತ್ತಿಗಿ ತೊಡಿ ಮ್ಯಾಲ,
ರೆಪ್ಪಿ ತುಂಬ ಕಲ್ಲಿನ ಪುಡಿ.

ಹಾಲುಗಾಜಿನ ಬೆಳಕಿನಾಗ
ಈಗಷ್ಟೇ ಮಾರಿ ತೊಳದು ಕುಂತಂಗ ಕಂಡಳು.
ಕಂಡೆನ್ಸರಿನಾಗ ಪುಡಿ ಎದ್ದು ಬಂತು.
ಆಕಿ ರೆಪ್ಪಿದ್ಯಾವುದು, ನನ್ನ ಬಚ್ಚಲದ್ದು ಯಾವುದು,
ಚಾಚಾನ ಭೂತಗನ್ನಡಿಗೂ ತಿಳೀಲಿಲ್ಲ.

ಎತ್ತರದ್ದನ್ನೇ ತಂದೆ, ಟಂಟಂನ್ಯಾಗ ಅಡ್ಡ ಮಲಗಿಸಿ,
ಮ್ಯಾಲ ಅದೇ ಗೋಣಿ ಹೊಚ್ಚಿ.
ಅತ್ತಿ ಬಾಗಿಲಾಗ ನಿಂತು ಕೇಳಿದಳು: ಯಾರದವ್ವ ಹೆಣ?

ಒಂದು ಫರಸಿ ಎಬ್ಬಿಸಿ ಕುಂದರಿಸೀನಿ.
ರಾತ್ರಿ ವಾಡಿ ಕಡಿ ಮಾಲಗಾಡಿ ದಾಟೂತನ
ಬಟನ್ ಮ್ಯಾಲ ಕೈ ಇಟ್ಟು ಕಾಯತೀನಿ;
ನೆಲ ಸುಮ್ಮನಾದ ಮ್ಯಾಲ
ಹದಿನೆಂಟರತನ ಎಣಸತೀನಿ.

ತಟ್ಟಿಯೊಳಗ ಮೊದಲ ಆಕಿ ಕೂದಲ ಬರತಾವು,
ಆಮ್ಯಾಲ ಸುತ್ತಿಗಿ, ಸೆರಗಿನ ನೆರಳು.
ಪುಡಿ ಮಾತ್ರ ಬರೂದೇ ಇಲ್ಲ,
ಅದು ಮೊದಲೇ ಇದ್ದ ಬಿಳಿ ಹಾಳಿ.

ಚುಕ್ಕಿ ಮುಚ್ಚಾಕ ಅಂತ
ಚಾಚಾ ಪುಕ್ಕಟ ಕೊಟ್ಟಿದ್ದ ಸಣ್ಣ ಕುಂಚ
ಡಬ್ಬಿಯೊಳಗ ಇನ್ನೂ ಒಣಗೇ ಅದ.