ಮೂರನೆಯ ರೀಲು

ಮಳೆಯಲ್ಲ ಅದು, ಗೀರು.
ವರ್ಷಕ್ಕೊಮ್ಮೆ ದೋಣಿಯಲ್ಲಿ ತಗಡಿನ ಡಬ್ಬಿ ಹೊತ್ತು
ಸ್ಟೂರಾ ದ್ವೀಪಕ್ಕೆ ಬರುತ್ತೇನೆ,
ಚರ್ಚಿನ ಹಜಾರದಲ್ಲಿ ಪರದೆ ಕಟ್ಟುತ್ತೇನೆ;
ಒದ್ದೆ ಉಣ್ಣೆಯ ವಾಸನೆ, ಜೌಗುಮಣ್ಣು ಉರಿದ ಹೊಗೆ,
ಬೆಂಚುಗಳ ಮೇಲೆ ನಾಯಿ ಸಮೇತ ಊರಿಗೂರೇ.

ಸಿನಿಮಾ ಅಂಥದ್ದೇನಲ್ಲ, ನನ್ನ ಕೇಳಿದರೆ.
ಲಂಡನ್ನಿನ ನಾಯಕಿ, ಅವಳಿಗಿಬ್ಬರು ಗಂಡಸರು,
ದೀಪಸ್ತಂಭ ಕಾಯುವವನೊಬ್ಬ, ಜಮೀನ್ದಾರನ ಮಗನೊಬ್ಬ;
ಬಂಡೆಯಂಚಿಗೆ ಓಡಿದರೂ ಕೆಡದ ತುಟಿಯ ಬಣ್ಣ.
ಪಿಟೀಲು ಜೋರಾದಾಗೆಲ್ಲ ಅಲೆ ಏಳುತ್ತದೆ,
ಅಥವಾ ಅಲೆ ಎದ್ದಾಗ ಪಿಟೀಲೋ.
ಕಣ್ಣೀರು ಗ್ಲಿಸರಿನ್ನು.

ಮೂರನೆಯ ರೀಲಿಗೆ ಓಸ್ಲಾ ಅಜ್ಜಿ ಕನ್ನಡಕ ಒರೆಸುತ್ತಾಳೆ.
ದಡಕ್ಕೊಂದು ಹೆಣ ಬಂದಿದೆ.
ಹೆಣವಾಗಿ ಮಲಗಿದ್ದು ಗಿಡಿಯನ್, ದಿನಕ್ಕೆ ಐದು ಶಿಲ್ಲಿಂಗು,
ಅಳುವವರಿಗೆ ಮೂರೇ.
ಪಕ್ಕದಲ್ಲಿ ಮಂಡಿಯೂರಿ, ಶಾಲಿನಲ್ಲಿ ಮುಖ ಹುದುಗಿಸಿ
ಭುಜ ಕುಲುಕಿಸುವ ಹುಡುಗಿ ಇವಳೇ.
"ಅಳುವೆಲ್ಲಿಯದು? ನಗು ತಡೆಯಲಾರದೆ ಸತ್ತೆ.
ಕಾಲುಚೀಲದೊಳಗೆ ಏಡಿ ಹೊಕ್ಕಿದೆ ಅಂತ
ಹೆಣ ಪಿಸುಗುಟ್ಟುತ್ತಿತ್ತು, ತುಟಿ ಅಲುಗಿಸದೆ."
ಗ್ಲಾಸ್ಗೋದಲ್ಲಿ ಆ ದೃಶ್ಯಕ್ಕೆ ಜನ ಕರವಸ್ತ್ರ ಹಿಂಡಿದರಂತೆ.

ಈಗ ನೋಡು, ಅನ್ನುತ್ತಾಳೆ.
ಕ್ಯಾಮೆರಾದವನಿಗೆ ಕಾಣಲಿಲ್ಲ, ಕತ್ತರಿಯವನಿಗೂ ಕಾಣಲಿಲ್ಲ:
ಹೆಣದೆದೆ ಏರಿ, ಇಳಿಯುತ್ತದೆ.
ಒಂದೇ ಉಸಿರು.

ಮದುವೆಯಾದ ನಾಲ್ಕನೆಯ ಚಳಿಗಾಲ ಕಡಲು ಅವನನ್ನು ಒಯ್ಯಿತು,
ದಡಕ್ಕೆ ತರಲಿಲ್ಲ.
ಫೋಟೋ ಎರಡಿವೆ, ಎರಡರಲ್ಲೂ ದವಡೆ ಬಿಗಿದು ನಿಂತಿದ್ದಾನೆ
ಸಾಲ ಕೇಳಲು ಬಂದವನ ಹಾಗೆ.

"ಅಲ್ಲೇ ನಿಲ್ಲಿಸಲಾಗದೇನು?" ಕೇಳಿದ್ದಳು ಮೊದಲ ವರ್ಷ.
ನಿಲ್ಲಿಸಿದರೆ ದೀಪದ ಕಾವಿಗೆ ಸುಟ್ಟುಹೋಗುತ್ತದಮ್ಮ ಎಂದೆ,
ನಡುವಿನಿಂದ ಕಂದುಬಣ್ಣ ಅರಳಿ, ಆಮೇಲೆ ತೂತು.
ಹಾಗಾದರೆ ಬೇಡ, ಓಡಲಿ, ಎಂದಳು.

ಎಲ್ಲರೂ ಹೋದ ಮೇಲೆ ಹಿಂದಕ್ಕೆ ಸುತ್ತಿ
ಮತ್ತೊಮ್ಮೆ ಬಿಡುತ್ತೇನೆ, ಅವಳೊಬ್ಬಳಿಗೆ.
ಬಿಟ್ಟಷ್ಟು ಸಲವೂ ಗೀರು ಹೆಚ್ಚು. ಇದನ್ನು ಹೇಳಿಲ್ಲ.
ಗಿಡಿಯನ್‌ನ ಎದೆಯ ಮೇಲೆ ಮಳೆ ದಟ್ಟವಾಗುತ್ತಿದೆ.

ಹಿಂದಿನಿಂದ ನನಗೆ ಕಾಣುವುದು ಅವಳ ಶಾಲಷ್ಟೇ,
ಕುಲುಕುವ ಭುಜ.
ಏನೆಂದು ಕೇಳುವುದಿಲ್ಲ.
ರೀಲಿನ ಬಾಲ ಪಟಪಟ ಬಡಿಯುವಾಗ ಎದ್ದು ಬಂದು
ಹುಲ್ಲಿನಲ್ಲಿ ಸುತ್ತಿದ ಆರು ಮೊಟ್ಟೆ ಕೈಗಿಡುತ್ತಾಳೆ:
"ದೋಣಿಯಲ್ಲಿ ಮಡಿಲಲ್ಲಿಟ್ಟುಕೋ.
ಡಬ್ಬಿಯ ಮೇಲಿಡಬೇಡ."